ತಲೆಯ ಮೇಲಿನ ಗಾಳಿಗೆ ಅತಿನೇರಳೆ ಬೆಳಕು

ಜನ ಕೂತಿರುವಾಗಲೇ ಕೋಣೆಯ ಗಾಳಿಯನ್ನು ಅತಿನೇರಳೆ ಬೆಳಕಿನಿಂದ ಶುದ್ಧಿಮಾಡುವ ವಿದ್ಯೆಗೆ ಮೊದಲ ದೊಡ್ಡ ಹೆಸರು ಬಂದದ್ದು ಶಾಲೆಯಿಂದ. ಕೆಮ್ಮಿನ ಸಣ್ಣ ಹನಿಗಳು ನೆಲ ಮುಟ್ಟುವ ಮೊದಲೇ ಒಣಗಿ, ರೋಗಾಣು ಹೊತ್ತು ಬಹಳ ಹೊತ್ತು ತೇಲುತ್ತವೆ ಎಂದು ಅಮೆರಿಕದ ವಿಲಿಯಂ ವೆಲ್ಸ್ 1930ರ ದಶಕದಲ್ಲಿ ತೋರಿಸಿದ್ದರು. ಫಿಲಡೆಲ್ಫಿಯಾದ ಜರ್ಮನ್‌ಟೌನ್ ಶಾಲೆಯ ಕೆಲವು ತರಗತಿಗಳಲ್ಲಿ 1937ರಿಂದ ಅವರು ಪಾದರಸದ ದೀಪ ಹಾಕಿಸಿದರು. ಅದರ 254 ನ್ಯಾನೋಮೀಟರ್ ಬೆಳಕು ಕಣ್ಣು, ಚರ್ಮಕ್ಕೆ ಕೆಟ್ಟದ್ದು. ಅದಕ್ಕೇ ಅದು ತಲೆಗಿಂತ ಮೇಲಿನ ಗಾಳಿಗಷ್ಟೇ ಬೀಳುವಂತೆ ಮರೆ ಕಟ್ಟಿದ್ದರು. 1941ರಲ್ಲಿ ದಡಾರ ಹಬ್ಬಿತು. ಅದುವರೆಗೆ ದಡಾರ ಬಾರದಿದ್ದ ಮಕ್ಕಳ ಪೈಕಿ ದೀಪವಿಲ್ಲದ ತರಗತಿಗಳಲ್ಲಿ ಶೇ 54ರಷ್ಟು ಮಂದಿಗೆ ಅಂಟಿತು, ದೀಪವಿದ್ದಲ್ಲಿ ಶೇ 13ರಷ್ಟು.

ನಂತರ ನ್ಯೂಯಾರ್ಕ್ ರಾಜ್ಯದ ಹಳ್ಳಿ ಶಾಲೆಗಳಲ್ಲೂ ಲಂಡನ್ ಬಳಿಯ ಸೌತಾಲ್‌ನಲ್ಲೂ ಅಂಥ ಫಲ ಸಿಗಲಿಲ್ಲ. ಹಳ್ಳಿಯ ಮಕ್ಕಳು ಒಂದೇ ಸ್ಕೂಲ್ ಬಸ್ಸಿನಲ್ಲಿ ಒತ್ತಿಕೊಂಡು ಬರುತ್ತಿದ್ದರು. ತರಗತಿಯಲ್ಲಿ ತಪ್ಪಿದ ಸೋಂಕು ಬಸ್ಸಿನಲ್ಲಿ ಸಿಗುತ್ತಿತ್ತು. ಈ ವಿವರ ನನಗೆ ಇಡೀ ಚರಿತ್ರೆಯಲ್ಲೇ ಮುಖ್ಯ ಎನಿಸುತ್ತದೆ, ಆದರೆ ಆಗ ಹೆಚ್ಚಿನವರು ಓದಿಕೊಂಡದ್ದು ದೀಪ ಸೋತಿತು ಎಂದು. ಅಷ್ಟರಲ್ಲಿ, ಗಾಳಿಯಲ್ಲೇ ಹರಡುವ ಕ್ಷಯಕ್ಕೆ ಔಷಧಗಳೂ ಬಂದವು. ಮನೆಯಲ್ಲೇ ಮಾತ್ರೆ ನುಂಗಿದ ಕ್ಷಯರೋಗಿಗಳು ಸ್ಯಾನಟೋರಿಯಂನಲ್ಲಿ ಇದ್ದವರಷ್ಟೇ ಗುಣವಾದರೆಂದು ಮದರಾಸಿನ ಅಧ್ಯಯನ 1959ರಲ್ಲಿ ಹೇಳಿತು. ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಕ್ಷಯ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳ ಗೂಡಿಗೆ ಹಾಯಿಸಿ, ದೀಪ ದಾಟಿ ಬಂದ ಗಾಳಿ ಉಸಿರಾಡಿದ ಇಲಿಗಳಿಗೆ ಸೋಂಕು ತಗುಲುವುದಿಲ್ಲ ಎಂದು ಸಾಧಿಸಿದ್ದೂ ಅದೇ ಕಾಲದಲ್ಲಿ. ಅಷ್ಟು ಶ್ರಮದ ಕೆಲಸಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ.

ಔಷಧಕ್ಕೆ ಬಗ್ಗದ ಟಿಬಿ ಬಂದ ಮೇಲೆ ದೀಪ ಮತ್ತೆ ನೆನಪಾಯಿತು. ಪೆರುವಿನ ಲಿಮಾದಲ್ಲಿ ರೈಲಿಯ ಪ್ರಯೋಗವನ್ನೇ ಮತ್ತೆ ಕಟ್ಟಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ದೀಪವಿಲ್ಲದಾಗ ಶೇ 35ರಷ್ಟು ಗಿನಿಯಿಲಿಗಳಿಗೆ ಸೋಂಕು ತಗುಲಿತ್ತು, ದೀಪವಿದ್ದಾಗ ಶೇ 9.5ರಷ್ಟಕ್ಕೆ. ದಕ್ಷಿಣ ಆಫ್ರಿಕಾದ ಸಂಶೋಧಕರು 2015ರಲ್ಲಿ ಅಳತೆಯನ್ನೂ ಕೊಟ್ಟರು: ಕೋಣೆಯ ಪ್ರತಿ ಘನಮೀಟರಿಗೆ 15ರಿಂದ 20 ಮಿಲಿವ್ಯಾಟ್ ಅತಿನೇರಳೆ, ಜೊತೆಗೆ ಕೆಳಗಿನ ಗಾಳಿಯನ್ನು ಮೇಲೆತ್ತುವ ಫ್ಯಾನು.

ಕೋವಿಡ್ ಬಂದಾಗ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಮತ್ತು ಮೊಹಾಲಿಯ ಆಸ್ಪತ್ರೆಗಳ ಗಾಳಿಯಲ್ಲೇ ವೈರಸ್ ಹುಡುಕಿದರು. ಒಂದೇ ಕೋಣೆಯಲ್ಲಿ ಸೋಂಕಿತರು ಹೆಚ್ಚಿದಷ್ಟೂ ಅದು ಹೆಚ್ಚು ಸಿಕ್ಕಿತು. ಚಂಡೀಗಢದ ಸಿಎಸ್‌ಐಓ ಸಂಶೋಧನಾ ಸಂಸ್ಥೆ ರೂಪಿಸಿದ ದೀಪ 2021ರಲ್ಲಿ ಸಂಸತ್ತಿನ ಸೆಂಟ್ರಲ್ ಹಾಲ್ ಸೇರಿತು. ಆದರೆ ಅದು ಎಸಿಯ ಗಾಳಿಕೊಳವೆಯೊಳಗೆ ಉರಿಯುವ ದೀಪ. ಹೈದರಾಬಾದಿನ ಅಮೀರ್‌ಪೇಟ್‌ನ ಸಾಫ್ಟ್‌ವೇರ್ ಕೋಚಿಂಗ್ ಕ್ಲಾಸುಗಳಂಥ ಕಡೆ ಗಾಳಿಕೊಳವೆ ಎಲ್ಲಿದೆ? ಕಿಟಕಿ ಮುಚ್ಚಿದ ಕೋಣೆಯಲ್ಲಿ ಸ್ಪ್ಲಿಟ್ ಎಸಿ ಅದೇ ಗಾಳಿಯನ್ನು ತಿರುಗಿಸುತ್ತದೆ. ಬೀದರ್, ರಾಯಚೂರಿನಂಥ ಗಡಿ ಊರುಗಳಿಂದಲೂ ಹುಡುಗ ಹುಡುಗಿಯರು ಕೋರ್ಸಿಗೆಂದು ಇಲ್ಲಿಗೆ ಬರುತ್ತಾರೆ. ಎದೆರೋಗದ ಸರ್ಕಾರಿ ಆಸ್ಪತ್ರೆಯಿರುವ ಎರ್ರಗಡ್ಡ ಇಲ್ಲಿಂದ ಮೆಟ್ರೋದಲ್ಲಿ ಮೂರನೇ ನಿಲ್ದಾಣ. ಕ್ಷಯಕ್ಕೆ ವಯಸ್ಸಿನ ಹಂಗಿಲ್ಲ. ಇಪ್ಪತ್ತರ ಹರೆಯದವರನ್ನೂ ಅದು ಹಿಡಿಯುತ್ತದೆ.

ಇಂಥ ಕೋಣೆಗೆ ಹೊಂದುವುದು ಗೋಡೆಯ ಮೇಲ್ಭಾಗದ ದೀಪ, ಆದರೆ ಅದನ್ನು ನೆಲದಿಂದ ಏಳು ಅಡಿಗಿಂತ ಮೇಲೆ ಕೂರಿಸಬೇಕು. ಒಂದೇ ಹಾಲನ್ನು ಅಟ್ಟದಂತೆ ಎರಡು ಮಾಡಿದಲ್ಲಿ ಅಷ್ಟು ಎತ್ತರವಿರುವುದಿಲ್ಲ. ಅಲ್ಲಿ ಕ್ರಿಪ್ಟಾನ್ ಕ್ಲೋರೈಡ್ ದೀಪದ 222 ನ್ಯಾನೋಮೀಟರ್ ಬೆಳಕಿನ ಮೇಲೆ ನನಗೆ ಭರವಸೆಯಿದೆ. ಚರ್ಮದ ಮೇಲ್ಪದರದ ಸತ್ತ ಜೀವಕೋಶಗಳಲ್ಲೇ ಅದು ಹೆಚ್ಚಾಗಿ ಇಂಗಿಹೋಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಬ್ರೆನ್ನರ್ ತಂಡದ 2020ರ ಲೆಕ್ಕದಂತೆ, ಅಂದಿನ ಸುರಕ್ಷಾ ಮಿತಿಯೊಳಗೇ ಗಾಳಿಯಲ್ಲಿನ ಕೊರೊನಾ ವೈರಸ್ಸಿನ ಶೇ 99.9ರಷ್ಟನ್ನು ಸುಮಾರು 25 ನಿಮಿಷದಲ್ಲಿ ಅದು ಕೆಡಿಸಬಲ್ಲದು. ಆದರೆ ಅದು ಕೊಂಚ ಓಝೋನ್ ಹುಟ್ಟಿಸುತ್ತದೆ. ಹೊರಗಾಳಿ ಆಡದ ಕೋಣೆಯಲ್ಲಿ ಓಝೋನ್ ಕೂಡಿಕೊಳ್ಳುವುದರಿಂದ, ಒಂದು ಕಿಟಕಿಯನ್ನಾದರೂ ತೆರೆಯದೆ ಈ ದೀಪ ಹಚ್ಚಬಾರದು.

ನ್ಯೂಯಾರ್ಕಿನ ಹಳ್ಳಿಗಳಲ್ಲಿ ಸ್ಕೂಲ್ ಬಸ್ ಮಾಡಿದ ಕೆಲಸವನ್ನು ಇಲ್ಲಿ ಹಾಸ್ಟೆಲ್ ಮಾಡುತ್ತದೆ. ಕ್ಲಾಸಿನಲ್ಲಿ ಪಕ್ಕ ಕೂತವರೇ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ. ಆದ್ದರಿಂದ ಅಮೀರ್‌ಪೇಟ್‌ನಲ್ಲಿ ಈ ದೀಪದ ಪರೀಕ್ಷೆ ನಡೆಸುವವರು ಕ್ಲಾಸಿಗೊಂದು ದೀಪ ತೂಗಿಸಿ ಕಾಯಿಲೆ ಎಣಿಸುತ್ತ ಕೂರಬಾರದು. ಕ್ಲಾಸು, ಮೆಸ್ಸು, ಮಲಗುವ ಕೋಣೆ ಮೂರರಲ್ಲೂ ದೀಪ ಹಾಕಿ, ದೀಪವಿಲ್ಲದ ಅಂಥದೇ ಹಾಸ್ಟೆಲಿನ ಜೊತೆ ಹೋಲಿಸಬೇಕು.