ಮೆಹರೌಲಿಯ ಲೋಹಸ್ತಂಭವೂ ಕೊಡಚಾದ್ರಿಯ ಕಂಬವೂ

ದೆಹಲಿಯ ಚಾಣಕ್ಯಪುರಿಯಲ್ಲಿ ಕರ್ನಾಟಕ ಭವನವಿರುವ ರಸ್ತೆಗೆ ಕೌಟಿಲ್ಯ ಮಾರ್ಗವೆಂದು ಹೆಸರು. ಆ ಹೆಸರಿನ ಹಿಂದೆ ಮೈಸೂರಿನ ಋಣವೊಂದುಂಟು. ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಗಣಿಗಳ ಅಧ್ಯಕ್ಷನಿಗೂ ಲೋಹಾಧ್ಯಕ್ಷನಿಗೂ ಕರ್ತವ್ಯಗಳನ್ನು ವಿಧಿಸಲಾಗಿದೆ. ಚಾಣಕ್ಯಪುರಿಯಿಂದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಮೆಹರೌಲಿಯಲ್ಲಿ ಪ್ರಾಚೀನ ಭಾರತದ ಲೋಹವಿದ್ಯೆಯ ಅತ್ಯಂತ ಪ್ರಸಿದ್ಧವಾದ ಸಾಕ್ಷಿ ನಿಂತಿದೆ. ಅದಕ್ಕೆ ತುಕ್ಕೇ ಹಿಡಿಯುವುದಿಲ್ಲವೆಂಬ ಮಾತು ಜನಜನಿತವಾಗಿದೆ. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಾರ್ಹವಾದ ಸಂಗತಿ.

ಯಾವ ಲೋಹ ಬೇಗ ಕೆಡುತ್ತದೆ, ಯಾವುದು ಬಾಳುತ್ತದೆ ಎಂಬ ಜಿಜ್ಞಾಸೆ ನಮ್ಮ ರಸವಾದಿಗಳಿಗೆ ಅಪರಿಚಿತವಾಗಿರಲಿಲ್ಲ. ರಸಾರ್ಣವವೆಂಬ ಗ್ರಂಥವು ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ ಎಂಬ ಆರು ಲೋಹಗಳನ್ನು ಅವುಗಳ ಅಕ್ಷಯಗುಣ ಇಳಿಯುತ್ತ ಹೋಗುವ ಕ್ರಮದಲ್ಲಿ ಹೇಳುತ್ತದೆ. ಇಂದಿನ ರಸಾಯನಶಾಸ್ತ್ರದ ವಿದ್ಯುದ್ವಾರ ವಿಭವಗಳ ಪಟ್ಟಿಯೊಡನೆ ಇದನ್ನು ಹೋಲಿಸಿದರೆ ಮೊದಲ ಮೂರು ಹಾಗೆಯೇ ಹೊಂದುತ್ತವೆ. ಕಬ್ಬಿಣ ಮಾತ್ರ ತವರ ಸೀಸಗಳ ಕೆಳಗೆ ಇಳಿಯಬೇಕಾಗುತ್ತದೆ. ಇದನ್ನು ಪೂರ್ವಿಕರ ಪ್ರಮಾದವೆನ್ನುವುದು ಅವಸರದ ತೀರ್ಪು. ಕುಲುಮೆಯ ಬೆಂಕಿಯಲ್ಲಿ ತವರ ಸೀಸಗಳು ಬೇಗನೆ ಕರಗಿ ಭಸ್ಮವಾಗುತ್ತವೆ. ರಸವಾದಿಯು ಕಂಡದ್ದು ಬಹುಶಃ ಆ ಕ್ಷಯವನ್ನು. ವಿಭವಗಳ ಪಟ್ಟಿಯಾದರೋ ನೀರಿನಲ್ಲಿ ಲೋಹದ ನಡತೆಯನ್ನು ಹೇಳುವಂಥದು.

ಆ ಪಟ್ಟಿಯ ತಾತ್ಪರ್ಯ ಕಠಿಣವಲ್ಲ. ಲೋಹವನ್ನು ಅದರ ಲವಣದ ದ್ರಾವಣದಲ್ಲಿ ಅದ್ದಿದಾಗ ಅದರ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಿಂದೆ ಬಿಟ್ಟು ನೀರಿಗಿಳಿಯಲು ತವಕಿಸುತ್ತವೆ. ದ್ರಾವಣದಲ್ಲಿರುವ ಅಯಾನುಗಳು ಮರಳಿ ಲೋಹವಾಗಲು ತವಕಿಸುತ್ತವೆ. ಈ ಎರಡು ಒಲವುಗಳ ಬಲಾಬಲವೇ ಆ ಲೋಹದ ವಿಭವ. ಜಲಜನಕದ ವಿಭವವನ್ನು ಸೊನ್ನೆಯೆಂದಿಟ್ಟುಕೊಂಡರೆ ಬೆಳ್ಳಿಗೆ ಧನ 0.80 ವೋಲ್ಟ್, ತಾಮ್ರಕ್ಕೆ ಧನ 0.34, ಸೀಸಕ್ಕೆ ಋಣ 0.13, ಕಬ್ಬಿಣಕ್ಕೆ ಋಣ 0.44, ಸತುವಿಗೆ ಋಣ 0.76. ಡೇನಿಯಲ್ 1836ರಲ್ಲಿ ರಚಿಸಿದ ವಿದ್ಯುತ್ಕೋಶದಲ್ಲಿ ಸತುವೂ ತಾಮ್ರವೂ ಜೊತೆಗೂಡಿ 1.10 ವೋಲ್ಟ್ ಕೊಡುವುದು ಈ ಅಂತರದಿಂದಲೇ. ದ್ರಾವಣದ ಸಾಂದ್ರತೆಗೆ ತಕ್ಕಂತೆ ವಿಭವ ಬದಲಾಗುವ ನಿಯಮವನ್ನು ಜರ್ಮನಿಯ ನರ್ನ್‌ಸ್ಟ್ 1889ರಲ್ಲಿ ನಿರೂಪಿಸಿದನು.

ತುಕ್ಕು ಹಿಡಿಯುವ ಕಬ್ಬಿಣವೂ ಇಂಥದೇ ಒಂದು ಕೋಶ. ತಂತಿಯಿಲ್ಲ, ಪಾತ್ರೆಯಿಲ್ಲ, ಅಷ್ಟೆ. ಮೇಲ್ಮೈಯ ಒಂದೆಡೆ ಕಬ್ಬಿಣ ಕರಗುತ್ತದೆ. ಅಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಇನ್ನೊಂದೆಡೆ ಆಮ್ಲಜನಕವೂ ನೀರೂ ಸ್ವೀಕರಿಸುತ್ತವೆ. ಈ ಎರಡನೆಯ ಕ್ರಿಯೆಯ ಪ್ರಮಾಣ ವಿಭವ ಧನ 0.40. ಆದುದರಿಂದ ಲೆಕ್ಕಕ್ಕೆ 0.84 ವೋಲ್ಟಿನ ಕೋಶವೊಂದು ಪ್ರತಿಯೊಂದು ತೇವದ ಕಬ್ಬಿಣದ ಮೈಮೇಲೆ ಸಿದ್ಧವಾಗಿರುತ್ತದೆ. ಮೆಹರೌಲಿಯ ಕಂಬಕ್ಕೂ ಇದರಿಂದ ವಿನಾಯಿತಿಯಿಲ್ಲ. ಆದರೆ ವಿಭವವು ದಾರಿಯನ್ನು ತೋರಿಸುತ್ತದೆಯೇ ಹೊರತು ನಡಿಗೆಯ ವೇಗವನ್ನು ಹೇಳುವುದಿಲ್ಲ. ಸ್ತಂಭದ ರಹಸ್ಯವೆಲ್ಲ ಈ ವೇಗದಲ್ಲಿದೆ.

ಸುಮಾರು 7.2 ಮೀಟರ್ ಉದ್ದವೂ ಆರು ಟನ್ನಿಗೂ ಮಿಗಿಲಾದ ತೂಕವೂ ಇರುವ ಈ ಸ್ತಂಭದ ಮೇಲೆ ಚಂದ್ರನೆಂಬ ರಾಜನ ಸಂಸ್ಕೃತ ಶಾಸನವಿದೆ. ಅವನು ಇಮ್ಮಡಿ ಚಂದ್ರಗುಪ್ತನೆಂಬುದು ಬಹುಮಂದಿ ವಿದ್ವಾಂಸರ ಮತ. ಶಾಸನವನ್ನು 1888ರಲ್ಲಿ ಗುಪ್ತಶಾಸನ ಸಂಪುಟದಲ್ಲಿ ಸಂಪಾದಿಸಿದ ಜೆ. ಎಫ್. ಫ್ಲೀಟರು ಕನ್ನಡಿಗರಿಗೆ ಅನ್ಯರಲ್ಲ. ಕನ್ನಡ ನಾಡಿನ ರಾಜವಂಶಗಳ ಚರಿತ್ರೆಯನ್ನು ಬರೆದವರೂ ನಮ್ಮ ಲಾವಣಿಗಳನ್ನು ಸಂಗ್ರಹಿಸಿದವರೂ ಅವರೇ.

1912ರಲ್ಲಿ ಸರ್ ರಾಬರ್ಟ್ ಹ್ಯಾಡ್‌ಫೀಲ್ಡ್ ಈ ಲೋಹವನ್ನು ವಿಶ್ಲೇಷಿಸಿ ಕಬ್ಬಿಣ ಶೇಕಡ 99.72, ರಂಜಕ 0.114 ಎಂದು ತಿಳಿಸಿದನು. ಆಮೇಲಿನ ಕೆಲವು ಪರೀಕ್ಷೆಗಳಲ್ಲಿ ರಂಜಕದ ಪ್ರಮಾಣ ಇದಕ್ಕೂ ಹೆಚ್ಚು ಕಂಡಿತು. ಬ್ರಿಟನ್ನಿನ ಹಡ್ಸನ್ ಎಂಬಾತನು ಸ್ತಂಭದ ಬಳಿ ಉಕ್ಕಿನ ತುಂಡುಗಳನ್ನು ಗಾಳಿಗೊಡ್ಡಿ, ಅವೂ ನಿಧಾನವಾಗಿಯೇ ಸವೆಯುವುದನ್ನು ಕಂಡು, ಶ್ರೇಯಸ್ಸು ದೆಹಲಿಯ ಒಣಹವೆಗೆ ಸಲ್ಲಬೇಕೆಂದು 1953ರಲ್ಲಿ ಬರೆದನು. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮಳೆಗಾಲದ ವಾರಗಳನ್ನು ಬಿಟ್ಟರೆ ದೆಹಲಿಯ ಗಾಳಿಯಲ್ಲಿ ಆ ಕೋಶಕ್ಕೆ ಬೇಕಾದ ತೇವವೇ ಸಾಲದು.

ಹವೆಯೊಂದೇ ಕಾರಣವೆನ್ನುವವರು ಮಾತ್ರ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಗೆ ಉತ್ತರ ಹೇಳಬೇಕಾಗುತ್ತದೆ. 1,343 ಮೀಟರ್ ಎತ್ತರದ ಆ ಬೆಟ್ಟದಲ್ಲಿ, ಆದಿ ಮೂಕಾಂಬಿಕೆಯ ಗುಡಿಯ ಮುಂದೆ, ಎತ್ತರವಾದ ಕಬ್ಬಿಣದ ಕಂಬವೊಂದಿದೆ. ಮಲೆನಾಡಿನ ಜಡಿಮಳೆಯೂ ತಿಂಗಳುಗಟ್ಟಲೆ ಕವಿಯುವ ಮಂಜೂ ಅದರ ಪಾಲಿಗೆ. ಕಲ್ಪಾಕ್ಕಂನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದ ಮತ್ತು ಸುರತ್ಕಲ್ಲಿನ ತಾಂತ್ರಿಕ ಸಂಸ್ಥೆಯ ವಿದ್ವಾಂಸರು ಅದನ್ನು ಪರೀಕ್ಷಿಸಿ, ಅದು ದೇಶೀಯ ಪದ್ಧತಿಯಲ್ಲಿ ತಯಾರಾದ ಶುದ್ಧ ಕಬ್ಬಿಣವೆಂದು ನಿರ್ಣಯಿಸಿದ್ದಾರೆ. ಒಂದು ಕಂಬಕ್ಕೆ ಕೊಟ್ಟ ವಿವರಣೆಯನ್ನು ಇನ್ನೊಂದಕ್ಕೆ ಹಾಗೆಯೇ ಹೊರಿಸಲಾಗದು. ಆದರೂ ಕರ್ಮಾರನ ಕೈಗೆ ಸಲ್ಲಬೇಕಾದ ಪಾಲನ್ನು ಗಾಳಿಗೆ ಕೊಟ್ಟುಬಿಡುವುದು ನ್ಯಾಯವಲ್ಲವೆಂಬುದಕ್ಕೆ ಈ ಕಂಬ ಬಲವಾದ ಸಾಕ್ಷಿ.

ಕಾನ್ಪುರದ ತಾಂತ್ರಿಕ ಸಂಸ್ಥೆಯಲ್ಲಿದ್ದ ಆರ್. ಬಾಲಸುಬ್ರಹ್ಮಣ್ಯಂ (2009ರಲ್ಲಿ ನಿಧನರಾದರು) ದೆಹಲಿಯ ಸ್ತಂಭದ ತುಕ್ಕನ್ನೇ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡರು. ಹಳೆಯ ಕುಲುಮೆಗಳಲ್ಲಿ ಅದಿರಿನೊಡನೆ ಇದ್ದಲನ್ನು ಮಾತ್ರ ಹಾಕುತ್ತಿದ್ದರು, ಸುಣ್ಣಕಲ್ಲನ್ನಲ್ಲ. ಸುಣ್ಣವಿಲ್ಲದ ಕಿಟ್ಟ ರಂಜಕವನ್ನು ಹೀರಿಕೊಳ್ಳಲಾರದು. ಅದು ಕಬ್ಬಿಣದಲ್ಲಿಯೇ ಉಳಿಯಿತು. ಕಬ್ಬಿಣ ಮೊದಲು ತುಕ್ಕು ಹಿಡಿದಾಗ ಈ ರಂಜಕವು ಲೋಹಕ್ಕೂ ತುಕ್ಕಿಗೂ ನಡುವೆ ಸಂಚಯವಾಗಿ, ನೆನೆದು ಒಣಗುವ ಋತುಚಕ್ರದಲ್ಲಿ ಫಾಸ್ಫೇಟಿನ ದಟ್ಟವಾದ ಪೊರೆಯಾಯಿತು. ಹದಿನಾರು ಶತಮಾನಗಳಲ್ಲಿ ಅದು ಬೆಳೆದದ್ದು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಕೋಶ ಇಂದಿಗೂ ಇದೆ. ಆಮ್ಲಜನಕಕ್ಕೂ ನೀರಿಗೂ ಹಾದಿ ಮುಚ್ಚಿದೆ. ಎಂದರೆ ಸ್ತಂಭ ಉಳಿದದ್ದು ತುಕ್ಕು ಹಿಡಿಯದ್ದರಿಂದಲ್ಲ, ಒಳ್ಳೆಯ ತುಕ್ಕು ಹಿಡಿದದ್ದರಿಂದ. ಕಬ್ಬಿಣವನ್ನು ಪೆಡಸು ಮಾಡುತ್ತದೆಂದು ಇದೇ ರಂಜಕವನ್ನು ಹೊರಹಾಕಲು ಯೂರೋಪು 1870ರ ದಶಕದ ಕೊನೆಯಲ್ಲಿ ಟಾಮಸ್ ಮತ್ತು ಗಿಲ್‌ಕ್ರಿಸ್ಟರ ಸುಣ್ಣದ ವಿಧಾನವನ್ನು ಕಂಡುಹಿಡಿದು ಸಂಭ್ರಮಪಟ್ಟಿತು!

ಪೊರೆ ನಿಲ್ಲದೆಡೆಯಲ್ಲಿ ಸ್ತಂಭ ಸಾಮಾನ್ಯ ಕಬ್ಬಿಣದಂತೆಯೇ ವರ್ತಿಸಿದೆ. ಒಣಗಲು ಅವಕಾಶವಿಲ್ಲದ ನೆಲದೊಳಗಿನ ಭಾಗವು ದಪ್ಪ ತುಕ್ಕು ಹಿಡಿದು ಕುಳಿಬಿದ್ದಿದೆ. 1870ರ ದಶಕದ ಆರಂಭದಲ್ಲಿ ಕನ್ನಿಂಗ್‌ಹ್ಯಾಮರ ಸಹಾಯಕ ಬೆಗ್ಲರ್ ಅಗೆದು ನೋಡಿದಾಗ, ಬುಡವು ಸೀಸದಿಂದ ಬೆಸೆದ ಕಬ್ಬಿಣದ ಸರಳುಗಳ ಮೇಲೆ ಕುಳಿತಿರುವುದು ಕಂಡುಬಂತು. ಋಣ 0.13ರ ಸೀಸವೂ ಋಣ 0.44ರ ಕಬ್ಬಿಣವೂ ತೇವದಲ್ಲಿ ಕೂಡಿದರೆ ಕರಗುವುದು ಕಬ್ಬಿಣವೇ. ನೀರು ನುಗ್ಗದಷ್ಟು ಬಿಗಿಯಾಗಿದ್ದಾಗ ಮಾತ್ರ ಸೀಸ ರಕ್ಷಕ. ಸ್ತಂಭದ ಬುಡ ಶೇಷನ ಹೆಡೆಯ ಮೇಲಿದೆಯೆಂದೂ, ಅನಂಗಪಾಲನು ಅದನ್ನು ಕೀಳಿಸಿದಾಗ ತುದಿ ರಕ್ತಸಿಕ್ತವಾಗಿತ್ತೆಂದೂ ಐತಿಹ್ಯವಿದೆ. ಆ ಕೆಂಪು ಯಾವುದೆಂದು ಊಹಿಸಲು ರಸಾಯನಶಾಸ್ತ್ರಜ್ಞನಿಗೆ ಕಷ್ಟವಾಗದು.

ಬೆನ್ನು ತಾಗಿಸಿ ನಿಂತು, ಹಿಂಗೈಗಳಿಂದ ಕಂಬವನ್ನು ಬಳಸಿ ಅಪ್ಪಿಕೊಂಡರೆ ಇಷ್ಟಾರ್ಥ ಸಿದ್ಧಿಸುವುದೆಂಬ ನಂಬಿಕೆಯಿಂದ ಪ್ರವಾಸಿಗರು ಉಜ್ಜಿ ಉಜ್ಜಿ, ಆಳೆತ್ತರದೊಳಗೆ ಸ್ತಂಭದ ಪೊರೆ ಸವೆದು ಲೋಹ ಹೊಳೆಯತೊಡಗಿತ್ತು. 1997ರಲ್ಲಿ ಅದರ ಸುತ್ತ ಬೇಲಿ ಹಾಕಲಾಯಿತು.