ಪರದೆಯ ಮೇಲಣ ಬಾಂಬು

ರೇಡಿಯೋವಿನಲ್ಲಿ ಗರಗರ ಸದ್ದು ಕೇಳಿದೊಡನೆ ನಾವು ಪೆಟ್ಟಿಗೆಯನ್ನೇ ದೂರುತ್ತೇವೆ. ದೋಷ ಎಷ್ಟೋ ವೇಳೆ ನೆರೆಮನೆಯ ಮೋಟಾರಿನದಾಗಿರುತ್ತದೆ. ಹಳೆಯ ಮನೆಬಳಕೆಯ ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಇಂಥದೊಂದು ಪ್ರಸಂಗವುಂಟು.

ಅಮೆರಿಕದ ಆಪಲ್ ಸಂಸ್ಥೆ ಮ್ಯಾಕಿಂಟಾಷ್ ಗಣಕವನ್ನು ಹೊರತಂದದ್ದು 1984ರಲ್ಲಿ. ಅದು ಕೆಲಸದ ನಡುವೆ ಕೆಟ್ಟು ನಿಂತರೆ ಪರದೆಯ ಮೇಲೆ ಬತ್ತಿ ಹೊತ್ತಿದ ಬಾಂಬಿನ ಚಿತ್ರ ಮೂಡುತ್ತಿತ್ತು. ಬರೆದಾಕೆ ಸೂಸನ್ ಕೇರ್. ಚಿತ್ರವೇನೋ ಮುದ್ದಾಗಿತ್ತು, ಆದರೆ ಅದು ಕಂಡಿತೆಂದರೆ, ಉಳಿಸಿಡದ ಬರೆಹವೆಲ್ಲ ಹೋಯಿತೆಂದೇ ತಿಳಿಯಬೇಕು.

ಕಾರಣಗಳು ಅನೇಕ. ಕುಖ್ಯಾತವಾದುವು 'ಎಕ್ಸ್‌ಟೆನ್ಷನ್' ಎಂಬ ಪುಟ್ಟ ಸಾಫ್ಟ್‌ವೇರುಗಳು. ಪರದೆಯ ಮೂಲೆಗೆ ಗಡಿಯಾರ, ವೈರಸ್ಸಿಗೆ ಕಾವಲು, ಹೀಗೆ ಒಂದೊಂದು ಅನುಕೂಲಕ್ಕೆ ಒಂದೊಂದು. ಹೊರಗಿನವರು ಮಾಡಿದವೂ ಬೇಕಾದಷ್ಟಿದ್ದುವು. ಕಿಟಕಿ ತೆರೆಯುವುದೇ ಮೊದಲಾದ ಕೆಲಸಗಳ ವಿಧಿ ಎಲ್ಲಿದೆಯೆಂದು ಹೇಳುವ ವಿಳಾಸಪಟ್ಟಿಯೊಂದು ಯಂತ್ರದ ಸ್ಮೃತಿಯಲ್ಲಿರುತ್ತಿತ್ತು. ಎಕ್ಸ್‌ಟೆನ್ಷನ್ ಅಲ್ಲಿ ತನ್ನ ವಿಳಾಸವನ್ನು ಬರೆದು, ಕರೆ ಬಂದಾಗ ತನ್ನ ಕೆಲಸ ಮುಗಿಸಿ, ಮೂಲಕ್ಕೆ ದಾಟಿಸಬೇಕು. ಎರಡು ಒಂದೇ ಸ್ಥಳಕ್ಕೆ ಕೈಹಾಕಿ, ಒಂದು ದಾಟಿಸುವುದನ್ನು ಮರೆತರೆ ಅನರ್ಥ. 'ಊರು', 'ಅಲ್ಲಿ' ಕೂಡಿದಾಗ ಸ್ವರವೊಂದು ಲೋಪವಾದರೂ ಮಾತು ಉಳಿಯುತ್ತದೆ. ಇಲ್ಲಿ ಮಾತೇ ಕೆಡುತ್ತಿತ್ತು. ಒಬ್ಬರ ಸ್ಮೃತಿಯನ್ನು ಇನ್ನೊಬ್ಬರು ಮುಟ್ಟದಂತೆ ತಡೆಯುವ ಗೋಡೆಯೂ ಆ ಯಂತ್ರದಲ್ಲಿರಲಿಲ್ಲ.

ಪರಿಹಾರವೆಂತು? 1991ರ ಸಿಸ್ಟಂ 7ರಲ್ಲಿ, ಯಂತ್ರ ಏಳುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಎಕ್ಸ್‌ಟೆನ್ಷನ್ ಒಂದೂ ಏಳುತ್ತಿರಲಿಲ್ಲ. ಆಗ ಯಂತ್ರ ನೆಟ್ಟಗೆ ನಡೆದರೆ ಕಳ್ಳ ಅವುಗಳಲ್ಲೇ ಇದ್ದಾನೆ. ಮುಂದೆ ಅರ್ಧವನ್ನು ಹೊರಗಿಟ್ಟು ನೋಡುವುದು, ಕೆಡುಕಿರುವ ಅರ್ಧವನ್ನು ಮತ್ತೆ ಅರ್ಧ ಮಾಡುವುದು. 32 ಇದ್ದರೂ 5 ಸಲಕ್ಕೆ ಸಿಕ್ಕಿಬೀಳಬೇಕು.

ಆದರೆ ಕಳ್ಳ ಒಬ್ಬನೇ ಆಗಿರಬೇಕಲ್ಲ! ಬೇರೆಯಾಗಿದ್ದರೆ ಸಾಧುಗಳು, ಸೇರಿದರೆ ಜಗಳ. ಇಂಥ ಜೋಡಿ ಇಬ್ಭಾಗವಾಗಿಬಿಟ್ಟರೆ ಎರಡು ಅರ್ಧಗಳೂ ನಿರ್ದೋಷವೆನಿಸುತ್ತಿದ್ದುವು. ಆಗ ತಾಳ್ಮೆಯಿಂದ ಒಂದೊಂದನ್ನೇ ಕೂಡಿಸಿ, ಪ್ರತಿಸಲವೂ ಯಂತ್ರವನ್ನು ಹೊಸದಾಗಿ ಎಬ್ಬಿಸಿ ನೋಡಬೇಕಾಗಿತ್ತು. ಇನ್ನೊಂದು ವಿನೋದ: ಅವು ಏಳುತ್ತಿದ್ದುದು ಹೆಸರಿನ ಅಕ್ಷರಕ್ರಮದಲ್ಲಿ. ಹೆಸರಿನ ಮೊದಲಿಗೆ ಒಂದು ತೆರಪನ್ನಿಟ್ಟರೆ ಅದು ಮುಂದಾಗಿ ಏಳುತ್ತಿತ್ತು. ಅಷ್ಟರಿಂದಲೇ ಕೆಲವು ಜಗಳಗಳು ತೀರುತ್ತಿದ್ದುವು. ನಿಘಂಟಿನ ಕ್ರಮಕ್ಕೆ ಇಷ್ಟು ಮಹಿಮೆಯುಂಟೆಂದು ನಾನು ಎಣಿಸಿರಲಿಲ್ಲ.

ಈ ಹುಡುಕಾಟವನ್ನು ಮಾಡಿಕೊಡುವ 'ಕಾನ್‌ಫ್ಲಿಕ್ಟ್ ಕ್ಯಾಚರ್' ಎಂಬ ಸಾಧನವೂ ಮಾರಾಟಕ್ಕೆ ಬಂತು. ಅದೂ ಹೊರಗಿನವರದೇ! 2001ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್ ಸ್ಮೃತಿಯೊಳಗೆ ಗೋಡೆ ಕಟ್ಟಿತು. ಹಳೆಯ ಎಕ್ಸ್‌ಟೆನ್ಷನ್‌ಗಳಿಗೆ ಅಲ್ಲಿ 'ಕ್ಲಾಸಿಕ್' ಎಂಬ ಕೋಣೆಯೊಂದನ್ನು ಬಿಟ್ಟು ಬೇರೆಲ್ಲೂ ಎಡೆಯಿರಲಿಲ್ಲ.