ಸಂಕಟದಲ್ಲಿ ಸಹನೆ: ನಾಗಸಾಕಿಯ ಗುಪ್ತ ಕ್ರೈಸ್ತರ ಇತಿಹಾಸದ ಒಂದು ವಿವೇಚನೆ

ಮತದ ಕಾರಣದಿಂದ ನಡೆದ ಹಿಂಸೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ವರ್ಗದ ಜನರನ್ನೇ ಗುರುತಿಸುತ್ತಾರೆ: ನಂಬಿಕೆಗಾಗಿ ಪ್ರಾಣವನ್ನು ತೆತ್ತವರು, ಪ್ರಾಣಕ್ಕಾಗಿ ನಂಬಿಕೆಯನ್ನು ತೊರೆದವರು. ಮೊದಲನೆಯವರಿಗೆ ಸ್ಮಾರಕಗಳು ಏಳುತ್ತವೆ; ಎರಡನೆಯವರು ಸರ್ಕಾರದ ದಫ್ತರಗಳಲ್ಲಿ ಹೆಸರಾಗಿ ಮಾತ್ರ ಉಳಿಯುತ್ತಾರೆ. ಇವರಿಬ್ಬರ ನಡುವೆ ಮೂರನೆಯ ವರ್ಗವೊಂದುಂಟು. ಸೋತು, ಸೋಲನ್ನು ಒಪ್ಪಿಕೊಂಡು, ಮತ್ತೆ ಎದ್ದು ನಡೆದವರು ಅವರು. ಕ್ರೈಸ್ತಧರ್ಮದಲ್ಲಿ ಸಂಕಟಕ್ಕೂ ಸಹನೆಗೂ ಶಾಂತಿಗೂ ಇರುವ ಸಂಬಂಧವನ್ನು ಅರಿಯಲು ಈ ಮೂರನೆಯವರನ್ನೇ ವಿಚಾರಿಸಬೇಕೆಂದು ನಮಗೆ ತೋರುತ್ತದೆ. ಜಪಾನಿನ ನಾಗಸಾಕಿ ಸೀಮೆಯ ಗುಪ್ತ ಕ್ರೈಸ್ತರು ಇದಕ್ಕೆ ಉತ್ತಮ ನಿದರ್ಶನ.

ಗೋವೆಯಿಂದ ಹೊರಟ ಫ್ರಾನ್ಸಿಸ್ ಕ್ಸೇವಿಯರನು 1549ರ ಆಗಸ್ಟ್ 15ರಂದು ಕಾಗೊಷಿಮದಲ್ಲಿ ಇಳಿದುದು ಜಪಾನಿನಲ್ಲಿ ಈ ಧರ್ಮದ ಆರಂಭ. ಹದಿನೇಳನೆಯ ಶತಮಾನದ ಆದಿಯ ವೇಳೆಗೆ ಅಲ್ಲಿ ಸುಮಾರು 3 ಲಕ್ಷ ಕ್ರೈಸ್ತರಿದ್ದರೆಂದು ಅಂದಾಜಿದೆ. ಆದರೆ ಹಿಂಸೆ ಅದಕ್ಕೆ ಮೊದಲೇ ತಲೆದೋರಿತ್ತು. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಷಿಝಾಕ ಗುಡ್ಡದಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ನಮ್ಮ ಪಶ್ಚಿಮ ತೀರದ ವಸಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯನೂ ಒಬ್ಬ. 1614ರಲ್ಲಿ ತೊಕುಗವ ಪ್ರಭುತ್ವವು ಕ್ರೈಸ್ತಧರ್ಮವನ್ನು ದೇಶಾದ್ಯಂತ ನಿಷೇಧಿಸಿತು. 1637–38ರ ಷಿಮಬರ ದಂಗೆಯು ರಕ್ತಪಾತದಲ್ಲಿ ಕೊನೆಗೊಂಡಿತು. 1644ರಲ್ಲಿ ದೇಶದಲ್ಲಿ ಉಳಿದಿದ್ದ ಕೊನೆಯ ಪಾದ್ರಿಯಾದ ಮಾನ್ಸಿಯೊ ಕೊನಿಷಿಯೂ ಹತನಾದನು. ಮುಂದೆ ಎರಡು ಶತಮಾನಗಳಿಗೂ ಮಿಕ್ಕಿದ ಕಾಲ ಈ ಜನರಿಗೆ ಗುರುವಿಲ್ಲ, ಪೂಜೆಯಿಲ್ಲ, ಪಾಪನಿವೇದನೆಯನ್ನು ಕೇಳುವವರಿಲ್ಲ.

ಈ ಅವಧಿಯ ಸರ್ಕಾರಿ ದಾಖಲೆಗಳನ್ನು ಮಾತ್ರ ನೋಡಿದವನಿಗೆ ಕ್ರೈಸ್ತರು ಅಳಿದುಹೋದರೆಂದೇ ಅನ್ನಿಸಬೇಕು. ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ನೋಂದಾಯಿತವಾಗಿರಬೇಕು. ಸತ್ತವರಿಗೆ ಭಿಕ್ಷುವಿನ ಕೈಯಲ್ಲೇ ಸಂಸ್ಕಾರವಾಗಬೇಕು. ಇದರ ಮೇಲೆ ‘ಫುಮಿ-ಎ’ ಎಂಬ ಪರೀಕ್ಷೆ. ಕ್ರಿಸ್ತನ ಅಥವಾ ಮರಿಯಮ್ಮನ ಬಿಂಬವನ್ನು ನೆಲದ ಮೇಲಿಟ್ಟು ಊರಿನವರೆಲ್ಲರೂ ಅದನ್ನು ತುಳಿಯುವಂತೆ ಮಾಡುತ್ತಿದ್ದರು. ನಾಗಸಾಕಿ ಸೀಮೆಯಲ್ಲಿ ಇದು ವರ್ಷವರ್ಷವೂ ನಡೆಯುತ್ತಿತ್ತು. ಗುಪ್ತ ಕ್ರೈಸ್ತರೂ ತುಳಿದರು. ತಂದೆ ತುಳಿದನು, ಮಗ ತುಳಿದನು, ಮೊಮ್ಮಗನೂ ತುಳಿದನು. ದಫ್ತರದ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಮನೆಯೊಳಗಿನ ಸಂಗತಿ ಬೇರೆ. ಹಳ್ಳಿಗಳಲ್ಲಿ ಇವರು ತಮ್ಮದೇ ಆದ ಒಂದು ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದರು. ‘ಚೋಕತ’ನೆಂಬುವನು ಪಂಚಾಂಗವನ್ನು ಕಾಪಾಡಿ ಹಬ್ಬ ಉಪವಾಸಗಳ ದಿನಗಳನ್ನು ನಿರ್ಣಯಿಸುವನು, ‘ಮಿಝುಕತ’ನು ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವನು, ‘ಕಿಕಿಯಕು’ ಎಂಬುವನು ಈ ವಾರ್ತೆಗಳನ್ನು ಮನೆಮನೆಗೆ ಮುಟ್ಟಿಸುವನು. ಲ್ಯಾಟಿನ್, ಪೋರ್ಚುಗೀಸ್ ಮಾತುಗಳು ಬೆರೆತ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಸಾಗಿದವು. ಮಗುವನ್ನೆತ್ತಿದ ಕನ್ನೊನ್ ದೇವಿಯ ಬೊಂಬೆಯಲ್ಲಿ ಮರಿಯಮ್ಮನನ್ನು ಕಂಡರು. ಭಿಕ್ಷುವು ಶವದ ಮುಂದೆ ಸೂತ್ರವನ್ನು ಪಠಿಸುವಾಗ, ಅದರ ಫಲ ತಟ್ಟದಿರಲೆಂದು ಪಕ್ಕದ ಕೋಣೆಯಲ್ಲಿ ಕುಳಿತು ತಮ್ಮ ಪ್ರಾರ್ಥನೆಯನ್ನು ಹೇಳಿಕೊಳ್ಳುವುದೂ ಉಂಟಾಗಿತ್ತು.

ಆದರೆ ಬಿಂಬವನ್ನು ತುಳಿದ ಕಾಲಿನಿಂದಲೇ ಮನೆಗೆ ಬಂದವನು ಪ್ರಾರ್ಥನೆಗೆ ಕುಳಿತುದು ಹೇಗೆ? ಇದೇ ನಮ್ಮ ವಿಚಾರದ ತಿರುಳು. 1603ರಲ್ಲಿ ರಚಿತವಾದ ‘ಕೊಂಚಿರಿಸಾನ್ ನೊ ರ್ಯಾಕು’ ಎಂಬ ಕಿರುಗ್ರಂಥವನ್ನು ಇವರು ಕೈಬರಹದಲ್ಲಿ ಪ್ರತಿಮಾಡಿಕೊಂಡು ಉಳಿಸಿಕೊಂಡು ಬಂದಿದ್ದರು. ಪಾದ್ರಿಯು ದೊರೆಯದ ಸ್ಥಿತಿಯಲ್ಲಿ, ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪೂರ್ಣ ಪಶ್ಚಾತ್ತಾಪವೇ ಪಾಪಕ್ಷಮೆಯನ್ನು ತರಬಲ್ಲದು. ಪಾದ್ರಿ ದೊರೆತಾಗ ನಿವೇದಿಸುವ ಸಂಕಲ್ಪ ಮಾತ್ರ ಇರಬೇಕು. ಇದು ಅದರ ಬೋಧೆ. ತುಳಿದು ಬಂದವರು ಮನೆಯಲ್ಲಿ ಈ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ತಾವು ಮಾಡಿದುದು ತಪ್ಪಲ್ಲವೆಂದು ಅವರು ವಾದಿಸಲಿಲ್ಲ. ತಪ್ಪಾಯಿತೆಂದು ಕೈಚೆಲ್ಲಲೂ ಇಲ್ಲ. ಪಡೆದ ಶಾಂತಿ ಗೆದ್ದವರ ಶಾಂತಿಯಾಗಿರಲಿಲ್ಲ, ಕ್ಷಮೆ ಬೇಡಿದವರ ಶಾಂತಿಯಾಗಿತ್ತು. ಅದು ವರ್ಷಕ್ಕೊಮ್ಮೆ ಒಡೆದು ವರ್ಷಕ್ಕೊಮ್ಮೆ ಕೂಡಿಕೊಳ್ಳುತ್ತಿತ್ತು. ಅದರಿಂದಲೇ ಏಳು ತಲೆಮಾರು ಬಾಳಿತು.

1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ಓಉರ ದೇವಾಲಯಕ್ಕೆ ಉರಕಾಮಿ ಹಳ್ಳಿಯ ಕೆಲವರು ಬಂದು, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಫ್ರೆಂಚ್ ಪಾದ್ರಿ ಪೆಟಿಝಾನನಿಗೆ ಪಿಸುಮಾತಿನಲ್ಲಿ ತಿಳಿಸಿದರು. ಗುರು ದೊರೆತಮೇಲೆ ಮರೆಮಾಚುವುದು ಅವರಿಗೆ ಸಲ್ಲಲಿಲ್ಲ. ಉರಕಾಮಿಯವರು ಬೌದ್ಧ ಶವಸಂಸ್ಕಾರವನ್ನು ನಿರಾಕರಿಸಲು, 1867ರಲ್ಲಿ ಬಂಧನಗಳು ಆರಂಭವಾದವು. ಮುಂದೆ ಮೇಜಿ ಸರ್ಕಾರವು ಸುಮಾರು 3,400 ಜನರನ್ನು ದೂರದ ಸೀಮೆಗಳಿಗೆ ಗಡೀಪಾರು ಮಾಡಿತು. 600ಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತರು. ಹಿಂಸೆಯನ್ನು ತಾಳಲಾರದೆ ಸುಮಾರು ಸಾವಿರ ಮಂದಿ ಬಾಯಿಮಾತಿನಲ್ಲಿ ಮತವನ್ನು ಬಿಟ್ಟರು. ನಿಷೇಧದ ಫಲಕಗಳನ್ನು ತೆಗೆದ 1873ರಲ್ಲಿ ಉಳಿದವರು ಊರಿಗೆ ಮರಳಿದರು. ಬಿಟ್ಟವರಲ್ಲಿ ಬಹುಮಂದಿ ಮತ್ತೆ ಸಭೆಯನ್ನು ಸೇರಿದರು. ಆ ಗಡೀಪಾರನ್ನು ಅವರು ಕೇವಲ ‘ಪ್ರಯಾಣ’ವೆಂದು ಕರೆದರು. ಇಷ್ಟು ದೊಡ್ಡ ದುಃಖಕ್ಕೆ ಇಷ್ಟು ಚಿಕ್ಕ ಹೆಸರು!

ಬಳಿಕ ಅವರು ಊರಿನ ಮುಖಂಡನ ಮನೆಯ ನಿವೇಶನವನ್ನೇ ಕೊಂಡು ಅಲ್ಲಿ ದೇವಾಲಯವನ್ನು ಎಬ್ಬಿಸಿದರು. ಹಿಂದೆ ಫುಮಿ-ಎ ನಡೆಯುತ್ತಿದ್ದ ಸ್ಥಳವದು. ಕಟ್ಟಡವು 1914ರಲ್ಲಿ ಪೂರ್ಣವಾಯಿತು. 1945ರ ಆಗಸ್ಟ್ 9ರಂದು 11 ಗಂಟೆ 2 ನಿಮಿಷಕ್ಕೆ ಅಣುಬಾಂಬು ಸಿಡಿದುದು ಅಲ್ಲಿಗೆ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ. ಉರಕಾಮಿಯ ಸುಮಾರು 12,000 ಕ್ರೈಸ್ತರಲ್ಲಿ ಸುಮಾರು 8,500 ಮಂದಿ ಅಳಿದರು. ದೇವಾಲಯದೊಳಗೆ ಆ ಹೊತ್ತಿನಲ್ಲಿ ಪಾಪನಿವೇದನೆ ನಡೆಯುತ್ತಿತ್ತು. ಹೇಳಲು ಬಂದವರೂ ಕೇಳುತ್ತಿದ್ದ ಪಾದ್ರಿಗಳೂ ಉಳಿಯಲಿಲ್ಲ.

ನವೆಂಬರ್ 23ರಂದು ಅವಶೇಷಗಳ ನಡುವೆ ನಡೆದ ಸ್ಮರಣಪೂಜೆಯಲ್ಲಿ, ಪತ್ನಿಯನ್ನು ಕಳೆದುಕೊಂಡಿದ್ದ ವೈದ್ಯ ನಾಗೈ ತಕಾಷಿಯು ಈ ಸಾವುಗಳನ್ನು ಯುದ್ಧದ ಪಾಪಕ್ಕೆ ಸಂದ ಆಹುತಿಯೆಂದು ವರ್ಣಿಸಿದನು. ಶೋಕಾರ್ತರಾದ ಹಲವರಿಗೆ ಆ ಮಾತು ಆಸರೆಯಾಯಿತು. ಬಾಂಬು ಹಾಕಿದವರ ಹೊಣೆಯನ್ನೂ ಯುದ್ಧವನ್ನು ನಡೆಸಿದವರ ಹೊಣೆಯನ್ನೂ ಅದು ಮರೆಸುತ್ತದೆಂದು ಅನಂತರದ ವಿಮರ್ಶಕರು ಆಕ್ಷೇಪಿಸಿದರು. 1981ರಲ್ಲಿ ಹಿರೋಷಿಮದಲ್ಲಿ ಮಾತನಾಡಿದ ಎರಡನೆಯ ಜಾನ್ ಪಾಲ್ ಪೋಪರು ಯುದ್ಧವು ಮನುಷ್ಯನ ಕೃತ್ಯವೆಂದು ಸ್ಪಷ್ಟವಾಗಿ ಹೇಳಿದರು. ಈ ಆಕ್ಷೇಪವು ನ್ಯಾಯವಾದುದೆಂದು ನಾವು ಭಾವಿಸುತ್ತೇವೆ. ಸಂಕಟವನ್ನು ಅನುಭವಿಸಿದವನು ಅದರಲ್ಲಿ ಅರ್ಥವನ್ನು ಕಾಣುವುದು ಒಂದು; ಅದನ್ನು ತಂದೊಡ್ಡಿದವನು ಆ ಅರ್ಥದ ಮರೆಯಲ್ಲಿ ತಪ್ಪಿಸಿಕೊಳ್ಳುವುದು ಇನ್ನೊಂದು. ನಾಗೈಯ ಮಾತು ಮೊದಲನೆಯದು. ಅದನ್ನು ಎರಡನೆಯದಕ್ಕೆ ಬಳಸಲಾಗದು.

ಸಂಕಟವೇ ಸಹನೆಯನ್ನು ಹುಟ್ಟಿಸಿತೆಂದು ಹೇಳಲು ಈ ಇತಿಹಾಸ ನಮಗೆ ಅವಕಾಶ ಕೊಡುವುದಿಲ್ಲ. ಸಂಕಟಕ್ಕೆ ಸಿಲುಕಿ ಅಳಿದ ಊರುಗಳು ಅನೇಕ. ಪಂಚಾಂಗ, ನೀರು, ನಾಲ್ಕು ಪ್ರಾರ್ಥನೆ, ಬಿದ್ದವನು ಮರಳಿ ಬರಲು ತೆರೆದಿಟ್ಟ ಒಂದು ಬಾಗಿಲು, ಇವು ಇದ್ದಲ್ಲಿ ಸಹನೆ ಉಳಿಯಿತು. ಉರಕಾಮಿಯ ದೇವಾಲಯವು 1959ರಲ್ಲಿ ಮತ್ತೆ ಎದ್ದಿತು. ತುಳಿದವರ ವಂಶದವರು ಇಂದಿಗೂ ಅದೇ ನೆಲದ ಮೇಲೆ ಮೊಣಕಾಲೂರುತ್ತಾರೆ.